ಎಂಜಿನ್ನಿನ ಹೊಗೆಕೊಳವೆ: ಅಗ್ಗದ ಬಿಡಿಭಾಗದ ನಿಜವಾದ ಬೆಲೆ

ಎಂಜಿನ್ ಇರುವ ಕಡೆಯಲ್ಲೆಲ್ಲ ಅದರ ಹೊಗೆಯನ್ನು ಹೊರಹಾಕುವ ವ್ಯವಸ್ಥೆಯೂ ಇರುತ್ತದೆ. ನಂಜನಗೂಡು ಮತ್ತು ತಾಂಡವಪುರ ಕೈಗಾರಿಕಾ ಪ್ರದೇಶಗಳ ಡೀಸೆಲ್ ಜನರೇಟರ್, ತಿ. ನರಸೀಪುರದ ಅಕ್ಕಿ ಗಿರಣಿಗಳ ಎಂಜಿನ್, ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಓಡಾಡುವ ಲಾರಿ ಮತ್ತು ಬೈಕು, ಕಪಿಲೆ ಹಾಗೂ ಕಾವೇರಿಯಲ್ಲಿ ಸಂಚರಿಸುವ ಮೋಟಾರು ದೋಣಿ ಇವೆಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಎಂಜಿನ್ನಿನ ಹೆಡ್ಡಿಗೆ ಅಂಟಿಕೊಂಡಿರುವ ಮ್ಯಾನಿಫೋಲ್ಡ್ ಅಥವಾ ಹೆಡರ್, ಅದರ ಮುಂದಿನ ಬೆಂಡ್ ಪೈಪ್ ಮತ್ತು ಸೈಲೆನ್ಸರ್ ಬಿರುಕು ಬಿಟ್ಟಾಗ ಅಥವಾ ತುಕ್ಕು ಹಿಡಿದಾಗ, ಮೂಲ ತಯಾರಕರದ್ದಲ್ಲದ ಅಗ್ಗದ ಮಾಲನ್ನು ಅಳವಡಿಸುವುದು ಸಾಮಾನ್ಯ ರೂಢಿ. ಕೊಂಡವನು ಹಣ ಉಳಿಯಿತೆಂದೂ, ಮಾರಿದವನು ಲಾಭ ಬಂದಿತೆಂದೂ ಭಾವಿಸುತ್ತಾನೆ. ಆದರೆ ಎಂಜಿನ್ ಕೆಟ್ಟಾಗ, ಅಪಘಾತವಾದಾಗ ಅಥವಾ ದಂಡ ಬಿದ್ದಾಗ ನಷ್ಟವನ್ನು ಯಾರು ಭರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಆಗ ಉತ್ತರ ದೊರೆಯುವುದು ಬಿಲ್ಲು ಮತ್ತು ದಾಖಲೆಗಳಲ್ಲಿ ಮಾತ್ರ. ಈ ಬಿಡಿಭಾಗಗಳನ್ನು ಕೊಳ್ಳುವ, ಮಾರುವ ಮತ್ತು ತಯಾರಿಸುವ ಸದಸ್ಯರು ತಿಳಿದಿರಬೇಕಾದ ತಾಂತ್ರಿಕ ಹಾಗೂ ಕಾನೂನಿನ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಮಾರುಕಟ್ಟೆಯ ಮೂರು ಬಗೆ

ಮಾರುಕಟ್ಟೆಯಲ್ಲಿ ಈ ಮಾಲು ಮೂರು ಬಗೆಯಲ್ಲಿ ದೊರೆಯುತ್ತದೆ. ಮೊದಲನೆಯದು ಎಂಜಿನ್ ತಯಾರಕರೇ ತಮ್ಮ ಹೆಸರಿನಲ್ಲಿ ಸರಬರಾಜು ಮಾಡುವ ಕಂಪನಿ ಮಾಲು. ಎರಡನೆಯದು ಬೇರೊಬ್ಬ ತಯಾರಕನು ತನ್ನದೇ ಹೆಸರಿನಲ್ಲಿ ಮಾಡಿ ಮಾರುವ ಬದಲಿ ಮಾಲು. ಇದು ಕಾನೂನುಬದ್ಧ ವ್ಯಾಪಾರವಾಗಿದ್ದು, ಇದರಲ್ಲಿ ಉತ್ತಮ ಗುಣಮಟ್ಟದ ಸರಕೂ ಉಂಟು, ಕಳಪೆಯೂ ಉಂಟು. ಮೂರನೆಯದು ಮತ್ತೊಬ್ಬರ ಹೆಸರು ಮತ್ತು ಗುರುತನ್ನು ಅಚ್ಚೊತ್ತಿದ ಡೂಪ್ಲಿಕೇಟ್ ಮಾಲು. ಇದನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಡಿ ಅಪರಾಧವಾಗಿದ್ದು, 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಈ ಲೇಖನದ ಚರ್ಚೆ ಮುಖ್ಯವಾಗಿ ಎರಡನೆಯ ಬಗೆಗೆ ಸಂಬಂಧಿಸಿದ್ದು. ಏಕೆಂದರೆ ಪ್ರಾಮಾಣಿಕ ವರ್ತಕನು ತಿಳಿಯದೆ ತೊಂದರೆಗೆ ಸಿಲುಕುವುದು ಇಲ್ಲಿಯೇ.

ಕೊಳವೆ ಎಂದರೆ ಬರಿಯ ಕೊಳವೆಯಲ್ಲ

ಹೊಗೆಕೊಳವೆಯನ್ನು ಕೇವಲ ಹೊಗೆ ಹೋಗುವ ದಾರಿ ಎಂದು ತಿಳಿಯುವುದೇ ತಪ್ಪಿನ ಮೂಲ. ಪೂರ್ಣ ಹೊರೆಯಲ್ಲಿ ಓಡುವ ಡೀಸೆಲ್ ಎಂಜಿನ್ನಿನ ಹೊಗೆಯ ಉಷ್ಣತೆ ಸಾಮಾನ್ಯವಾಗಿ 400ರಿಂದ 600 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೂ ಹೆಚ್ಚು. ಕಾದ ಲೋಹ ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿಯಷ್ಟು ಕಾದಾಗ ಸುಮಾರು 2.7 ಮಿಲಿಮೀಟರ್ ಹಿಗ್ಗಿದರೆ, ಅಷ್ಟೇ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ 4 ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಮೂಲ ವಿನ್ಯಾಸದಲ್ಲಿ ಈ ಚಲನೆಗೆ ಎಡೆ ಇರುತ್ತದೆ. ಅಳತೆ ನೋಡಿ ಬೆಸುಗೆ ಹಾಕಿದ ಬದಲಿ ಹೆಡರಿನಲ್ಲಿ ಅಂತಹ ಎಡೆ ಇಲ್ಲದಿದ್ದರೆ ಸ್ಟಡ್ಡುಗಳು ಮುರಿಯುತ್ತವೆ, ಫ್ಲ್ಯಾಂಜ್ ಡೊಂಕಾಗುತ್ತದೆ, ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ, ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ.

ಎರಡನೆಯ ಅಂಶ ಬ್ಯಾಕ್ ಪ್ರೆಶರ್, ಅಂದರೆ ಹೊಗೆ ಹೊರಬರುವಾಗ ಎದುರಿಸಬೇಕಾದ ತಡೆ. ಪ್ರತಿ ಡೀಸೆಲ್ ಎಂಜಿನ್ನಿಗೂ ತಯಾರಕರು ಇದರ ಗರಿಷ್ಠ ಮಿತಿಯನ್ನು ಸೂಚಿಸಿರುತ್ತಾರೆ. ಕೊಳವೆಯ ಒಳವ್ಯಾಸ ಕಿರಿದಾದರೆ ಅಥವಾ ಬಾಗುಗಳು ಹೆಚ್ಚಾದರೆ ಈ ಮಿತಿ ಮೀರಿ, ಹೊಗೆ ಕಪ್ಪಾಗಿ, ಡೀಸೆಲ್ ಖರ್ಚು ಏರಿ, ಟರ್ಬೋ ಇದ್ದಲ್ಲಿ ಅದಕ್ಕೂ ಪೆಟ್ಟು ಬೀಳುತ್ತದೆ.

ಮೂರನೆಯದು ಸೆನ್ಸರ್. 2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಗೆ ಬಂದ ಬಳಿಕ ಹೊಗೆಕೊಳವೆ ಎಂಜಿನ್ನಿನ ನಿಯಂತ್ರಣ ವ್ಯವಸ್ಥೆಯ ಭಾಗವೇ ಆಗಿದೆ. ಆಕ್ಸಿಜನ್ ಸೆನ್ಸರಿಗಿಂತ ಮೊದಲಿನ ಕೀಲಿನಲ್ಲಿ ಸಣ್ಣ ಸೋರಿಕೆ ಇದ್ದರೂ ಹೊರಗಿನ ಗಾಳಿ ಒಳಸೇರುತ್ತದೆ. ಇಂಧನ ಕಡಿಮೆಯಾಯಿತೆಂದು ಸೆನ್ಸರ್ ತಪ್ಪಾಗಿ ತಿಳಿಸುತ್ತದೆ. ನಿಯಂತ್ರಕವು ಹೆಚ್ಚು ಇಂಧನವನ್ನು ಹರಿಸುತ್ತದೆ. ಮಾಲೀಕನು ದೋಷವನ್ನು ಇಂಜೆಕ್ಟರಿನಲ್ಲಿ ಹುಡುಕುತ್ತಿದ್ದರೆ ನಿಜವಾದ ದೋಷ ಗ್ಯಾಸ್ಕೆಟ್ಟಿನಲ್ಲಿರುತ್ತದೆ.

ದೋಣಿಯ ಎಂಜಿನ್: ಎಲ್ಲಕ್ಕಿಂತ ಸೂಕ್ಷ್ಮ

ಈ ಎಲ್ಲ ತೊಂದರೆಗಳೂ ಅತ್ಯಂತ ತೀವ್ರವಾಗಿ ಕಾಣಿಸುವುದು ದೋಣಿಯಲ್ಲಿ. ರಸ್ತೆಯ ವಾಹನದ ಮ್ಯಾನಿಫೋಲ್ಡ್ ಎದುರು ಬೀಸುವ ಗಾಳಿಯಿಂದ ತಣ್ಣಗಾಗುತ್ತದೆ. ದೋಣಿಯ ಒಡಲಿನಲ್ಲಿ ಕೂಡಿಸಿದ ಇನ್‌ಬೋರ್ಡ್ ಎಂಜಿನ್ನಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅದರ ಮ್ಯಾನಿಫೋಲ್ಡಿಗೆ ಎರಡು ಗೋಡೆಗಳಿರುತ್ತವೆ. ಒಳಗೋಡೆಯೊಳಗೆ ಹೊಗೆ, ಎರಡು ಗೋಡೆಗಳ ನಡುವೆ ತಣಿಸುವ ನೀರು. ಮುಂದೆ ರೈಸರ್ ಎಂಬ ಏರುಕೊಳವೆಯನ್ನು ದಾಟಿದ ಬಳಿಕ ನೀರು ಹೊಗೆಯೊಡನೆ ಬೆರೆತು ಹೊರಬೀಳುತ್ತದೆ.

ಬದಲಿ ಹೆಡರಿನ ಒಳಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆ ನೀರು ಹೊಗೆಯ ದಾರಿಗೆ ಸೋರಿ, ಎಂಜಿನ್ ನಿಂತಾಗ ತೆರೆದ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದು. ಮರುದಿನ ಎಂಜಿನ್ ಚಾಲೂ ಮಾಡಿದಾಗ ಪಿಸ್ಟನ್ ಆ ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೆಲವು ಸಾವಿರ ರೂಪಾಯಿಯ ಉಳಿತಾಯಕ್ಕಾಗಿ ಇಡೀ ಎಂಜಿನ್ ಬಲಿಯಾಗುವುದು ಹೀಗೆ. ರೈಸರಿನ ಎತ್ತರ ಕಡಿಮೆಯಾದಾಗಲೂ, ಎಂಜಿನ್ ನಿಧಾನವಾಗಿ ಓಡುವಾಗ ಹೊಗೆಯ ಅಲೆಗಳ ಹಿಂಸೆಳೆತಕ್ಕೆ ನೀರು ಒಳಗೆ ಬರುವುದುಂಟು. ಹೆಚ್ಚು ವೇಗಕ್ಕಾಗಿ ಕ್ಯಾಮ್‌ಷಾಫ್ಟ್ ಬದಲಾಯಿಸಿದ ಎಂಜಿನ್ನಿನಲ್ಲಿ ಈ ಅಪಾಯ ಇಮ್ಮಡಿಯಾಗುತ್ತದೆ.

ನೀರಿನ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಮಲ್ಪೆ, ಮಂಗಳೂರಿನ ಕಡಲಿನಲ್ಲಿ ಉಪ್ಪುನೀರಿನಿಂದಾಗಿ ಬೇರೆ ಬೇರೆ ಲೋಹಗಳು ಕೂಡುವೆಡೆಯಲ್ಲಿ ಸವಕಳಿ ತೀವ್ರವಾಗಿರುತ್ತದೆ. ಕಪಿಲೆ, ಕಾವೇರಿಯ ಸಿಹಿನೀರಿನಲ್ಲಿ ಆ ಬಾಧೆ ಕಡಿಮೆ. ಆದರೆ ಮಳೆಗಾಲದ ಕೆಂಪುನೀರಿನ ಹೂಳು ಕಿರಿದಾದ ನೀರುದಾರಿಗಳಲ್ಲಿ ಕಟ್ಟಿಕೊಳ್ಳುತ್ತದೆ. ನೀರು ತಲಪದ ಭಾಗ ಕೆಂಪಗೆ ಕಾದು, ರಬ್ಬರ್ ಕೊಳವೆ ಸುಟ್ಟು, ಮುಚ್ಚಿದ ಎಂಜಿನ್ ಕೋಣೆಯಲ್ಲಿ ಬೆಂಕಿಗೆ ಕಾರಣವಾಗಬಹುದು. ಸೋರಿದ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಮುಚ್ಚಿದ ಸ್ಥಳದಲ್ಲಿ ಅದು ಪ್ರಾಣಾಂತಿಕ.

ರಕ್ಷಣಾ ಕಾರ್ಯದ ರಬ್ಬರ್ ದೋಣಿಗಳಿಗೆ ಹಾಕುವ ಔಟ್‌ಬೋರ್ಡ್ ಮೋಟಾರಿನ ರಚನೆ ಬೇರೆ. ಅದಕ್ಕೆ ಪ್ರತ್ಯೇಕ ಹೆಡರ್ ಇಲ್ಲ. ಹೊಗೆ ಮೋಟಾರಿನ ಕಾಲಿನೊಳಗಿಂದಲೇ ಇಳಿದು, ಬಹುತೇಕ ಮಾದರಿಗಳಲ್ಲಿ ಪ್ರೊಪೆಲ್ಲರಿನ ನಡುವಿನಿಂದ ನೀರಿನಡಿ ಹೊರಬೀಳುತ್ತದೆ. ಆ ದಾರಿಯನ್ನು ತಣಿಸುವುದು ಒಂದು ಸಣ್ಣ ರಬ್ಬರ್ ಇಂಪೆಲ್ಲರ್. ಆದ್ದರಿಂದ ಇಲ್ಲಿ ಅಗ್ಗದ ಇಂಪೆಲ್ಲರ್ ಹಾಕುವುದು ಮತ್ತು ಇನ್‌ಬೋರ್ಡಿಗೆ ಅಗ್ಗದ ಹೆಡರ್ ಹಾಕುವುದು ಒಂದೇ ಬಗೆಯ ಸಾಹಸ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಸ್ತೆಯೇ ಮುಳುಗಿತ್ತು. 2025ರ ಫೆಬ್ರವರಿ 10ರಿಂದ 12ರವರೆಗೆ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನಡೆಯಿತು. ಇಂತಹ ಸಂದರ್ಭಗಳಲ್ಲಿ ದೋಣಿಯ ಎಂಜಿನ್ ಹೊಳೆಯ ನಡುವೆ ನಿಂತರೆ ಅದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ. ದೋಣಿ ಸೇವೆಯನ್ನಾಗಲಿ ಬಿಡಿಭಾಗವನ್ನಾಗಲಿ ಒದಗಿಸುವವರು ಇದನ್ನು ಮರೆಯಬಾರದು. 2021ರ ಒಳನಾಡು ನೌಕೆಗಳ ಕಾಯಿದೆಯು ಯಂತ್ರಚಾಲಿತ ನೌಕೆಗಳಿಗೆ ನೋಂದಣಿ, ತಪಾಸಣಾ ಪ್ರಮಾಣಪತ್ರ ಮತ್ತು ವಿಮೆಯ ವ್ಯವಸ್ಥೆಯನ್ನು ವಿಧಿಸಿದೆ ಎಂಬುದೂ ಗಮನಾರ್ಹ.

ಜನರೇಟರ್: ಉಳಿತಾಯದ ಲೆಕ್ಕ

ನದಿಯಿಂದ ಕಾರ್ಖಾನೆಗೆ ಬಂದರೆ ಅಪಾಯದ ಸ್ವರೂಪ ಬದಲಾಗುತ್ತದೆ. ಇಲ್ಲಿ ಮುಖ್ಯವಾಗಿ ಹಣದ ನಷ್ಟ ಮತ್ತು ಪರಿಸರ ಕಾನೂನಿನ ಉಲ್ಲಂಘನೆ. ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. 62.5 ಕೆವಿಎ ಜನರೇಟರಿಗೆ ಕಂಪನಿ ಮ್ಯಾನಿಫೋಲ್ಡ್ 18,000 ರೂಪಾಯಿ, ಬದಲಿ ಮಾಲು 8,000 ರೂಪಾಯಿ ಎಂದಿಟ್ಟುಕೊಳ್ಳೋಣ. ಉಳಿತಾಯ 10,000 ರೂಪಾಯಿ. ಬ್ಯಾಕ್ ಪ್ರೆಶರ್ ಹೆಚ್ಚಿ ಗಂಟೆಗೆ ಅರ್ಧ ಲೀಟರ್ ಡೀಸೆಲ್ ಅಧಿಕ ಖರ್ಚಾದರೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 25 ದಿನ ಓಡುವ ಸೆಟ್ಟಿಗೆ 50 ಲೀಟರ್ ವ್ಯರ್ಥ. ಲೀಟರಿಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ 4,500 ರೂಪಾಯಿ. ಉಳಿತಾಯವೆಲ್ಲ ಎರಡೂವರೆ ತಿಂಗಳೊಳಗೆ ಕರಗಿತು. ವರ್ಷದಲ್ಲಿ ಒಮ್ಮೆ ಎರಡು ದಿನ ಸೆಟ್ ನಿಂತು, ದಿನಕ್ಕೆ 5,000 ರೂಪಾಯಿಗೆ ಬಾಡಿಗೆ ಜನರೇಟರ್ ತಂದು, ದುರಸ್ತಿಗೆ 3,000 ರೂಪಾಯಿ ತೆತ್ತರೆ ಒಟ್ಟು ನಷ್ಟ 67,000 ರೂಪಾಯಿ. ತಮ್ಮ ಲಾಗ್ ಪುಸ್ತಕದ ಅಂಕಿಗಳನ್ನು ಹಾಕಿ ಪ್ರತಿ ಉದ್ಯಮಿಯೂ ಈ ಲೆಕ್ಕವನ್ನು ಮಾಡಿಕೊಳ್ಳಬಹುದು. ಬಿಡಿಭಾಗ ಬದಲಾಯಿಸುವ ಮೊದಲು ಮತ್ತು ಅನಂತರ ಗಂಟೆಗೆ ತಗಲಿದ ಡೀಸೆಲ್ಲನ್ನು ಬರೆದಿಡುವುದಷ್ಟೇ ಇದಕ್ಕೆ ಬೇಕಾದದ್ದು.

ಕಾನೂನಿನ ಭಾಗವನ್ನು ನೋಡಿದರೆ, 2005ರ ಜನವರಿ 1 ಅಥವಾ ಅನಂತರ ತಯಾರಾದ, 1000 ಕೆವಿಎವರೆಗಿನ ಡೀಸೆಲ್ ಜನರೇಟರುಗಳ ಶಬ್ದವು ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರುವಂತಿಲ್ಲ. ಹೊಗೆಕೊಳವೆಯ ಎತ್ತರಕ್ಕೂ ಸೂತ್ರವಿದೆ: ಸೆಟ್ ಇರುವ ಕಟ್ಟಡದ ಎತ್ತರಕ್ಕೆ, ಕೆವಿಎ ಸಂಖ್ಯೆಯ ವರ್ಗಮೂಲದ 0.2 ಪಟ್ಟನ್ನು ಮೀಟರುಗಳಲ್ಲಿ ಸೇರಿಸಬೇಕು. 100 ಕೆವಿಎ ಸೆಟ್ಟಿಗೆ ಕಟ್ಟಡಕ್ಕಿಂತ 2 ಮೀಟರ್ ಮೇಲೆ ಎಂದಾಯಿತು. 2023ರ ಜುಲೈ 1ರಿಂದ ತಯಾರಾಗುವ, 800 ಕಿಲೋವ್ಯಾಟ್‌ವರೆಗಿನ ಸೆಟ್ಟುಗಳಿಗೆ ಸಿಪಿಸಿಬಿ-4 ಪ್ಲಸ್ ಎಂಬ ಕಠಿಣ ಮಾನದಂಡ ಅನ್ವಯಿಸುತ್ತದೆ. ಹೊಗೆಯನ್ನು ಶುದ್ಧೀಕರಿಸುವ ಸಾಧನವುಳ್ಳ ಸೆಟ್ಟಿನಲ್ಲಿ ಆ ಭಾಗವನ್ನು ತೆಗೆದು ಬರಿಯ ಕೊಳವೆ ಕೂಡಿಸಿದರೆ ವಾರಂಟಿಯೂ ಹೋಗುತ್ತದೆ, ಮಾನದಂಡದ ಪಾಲನೆಯೂ ಹೋಗುತ್ತದೆ.

ರಸ್ತೆಯ ವಾಹನ: ದಂಡ ಯಾರಿಗೆ?

ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದಂತೆ ಪ್ರತಿ ವಾಹನಕ್ಕೂ, ಕೃಷಿ ಟ್ರ್ಯಾಕ್ಟರ್ ಸೇರಿದಂತೆ, ಶಬ್ದ ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ವಿಧಿಸಬಹುದು. ಶಬ್ದ ಹಾಗೂ ವಾಯುಮಾಲಿನ್ಯದ ಮಿತಿ ಮೀರಿದ ವಾಹನವನ್ನು ಓಡಿಸಿದವನಿಗೆ 190ನೆಯ ಕಲಮಿನಡಿ 10,000 ರೂಪಾಯಿವರೆಗೆ ದಂಡ ಬೀಳಬಹುದು. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ರೋಡ್ ರೋಲರ್ ಹರಿಸಿ ನಾಶಪಡಿಸಿರುವುದನ್ನು ಓದುಗರು ಬಲ್ಲರು.

ಕೇಂದ್ರ ಸರ್ಕಾರವು ಸುರಕ್ಷತೆಯ ದೃಷ್ಟಿಯಿಂದ ನಿರ್ಣಾಯಕವೆಂದು ಅಧಿಸೂಚಿಸಿದ ಬಿಡಿಭಾಗವನ್ನು ಮಾನದಂಡ ಮೀರಿ ಮಾರಿದರೆ, ಪ್ರತಿ ಬಿಡಿಭಾಗಕ್ಕೆ 1 ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಮಾರಿದವನಿಗೇ ಅನ್ವಯಿಸುತ್ತದೆ. ಆ ಪಟ್ಟಿಯಲ್ಲಿ ಬಾರದ ಸರಕಿನ ವಿಷಯದಲ್ಲಿ ಮಾರಾಟಗಾರನು ಸುರಕ್ಷಿತನೆಂದು ತಿಳಿಯಬೇಕಾಗಿಲ್ಲ. ದಂಡ ತೆತ್ತ ಗಿರಾಕಿ ಮರಳಿ ಅಂಗಡಿಗೇ ಬರುತ್ತಾನೆ. “ಏನೂ ತೊಂದರೆಯಿಲ್ಲ, ಹಾಕಿಸಿಕೊಳ್ಳಿ” ಎಂದು ಹೇಳಿ ಮಾರಿದ ಮಾತೇ ಆಗ ಅವನ ಆಧಾರವಾಗುತ್ತದೆ.

ಮಾರಿದವನ ಹೊಣೆ

ಗಿರಾಕಿಯು ತನ್ನ ಉದ್ದೇಶವನ್ನು ತಿಳಿಸಿ, ಮಾರಾಟಗಾರನ ತಿಳಿವಳಿಕೆಯನ್ನು ನಂಬಿ ಸರಕು ಕೊಂಡರೆ, ಅದು ಆ ಉದ್ದೇಶಕ್ಕೆ ತಕ್ಕದ್ದಾಗಿರಬೇಕೆಂಬುದು 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನ ಸೂಚ್ಯ ಷರತ್ತು. “ದೋಣಿಯ ಎಂಜಿನ್ನಿಗೆ ಬೇಕು” ಎಂದು ಕೇಳಿದವನಿಗೆ ಲಾರಿಯ ಮ್ಯಾನಿಫೋಲ್ಡ್ ಕೊಟ್ಟರೆ ಈ ಷರತ್ತು ಮುರಿದಂತೆ. ಗಿರಾಕಿಯೇ ನಿರ್ದಿಷ್ಟ ಬ್ರಾಂಡಿನ ಹೆಸರು ಹೇಳಿ ಅದನ್ನೇ ಬಯಸಿ ಕೊಂಡರೆ ಉದ್ದೇಶಕ್ಕೆ ಸಂಬಂಧಿಸಿದ ಈ ಷರತ್ತು ಅನ್ವಯಿಸುವುದಿಲ್ಲ. ಆದ್ದರಿಂದ ಗಿರಾಕಿ ಏನನ್ನು ಕೇಳಿದನೆಂಬುದು ಬಿಲ್ಲಿನಲ್ಲಿ ನಮೂದಾಗಿರಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈ 20ರಿಂದ ಜಾರಿಯಲ್ಲಿದ್ದು, ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನು ಹೊಂದಿದೆ. ಅದರ 86ನೆಯ ಕಲಮಿನಂತೆ, ಸರಕನ್ನು ತಾನು ತಯಾರಿಸದಿದ್ದರೂ ಮಾರಾಟಗಾರನು ಕೆಲವು ಸಂದರ್ಭಗಳಲ್ಲಿ ಹಾನಿಗೆ ಹೊಣೆಯಾಗುತ್ತಾನೆ. ಸರಕನ್ನು ತಾನೇ ಮಾರ್ಪಡಿಸಿ ಅದರಿಂದ ಹಾನಿಯಾದಾಗ, ತಯಾರಕನ ವಾರಂಟಿಗೆ ಹೊರತಾಗಿ ತಾನೇ ಭರವಸೆ ಕೊಟ್ಟಾಗ, ಜೋಡಣೆ ಮತ್ತು ತಪಾಸಣೆಯಲ್ಲಿ ಎಚ್ಚರ ವಹಿಸದಿದ್ದಾಗ ಹೊಣೆ ಬರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ತಯಾರಕನು ಯಾರೆಂದು ತಿಳಿಯದಿದ್ದಾಗ ಅಥವಾ ಅವನಿಗೆ ನೋಟೀಸು ತಲಪಿಸಲಾಗದಿದ್ದಾಗಲೂ ಹೊಣೆ ಬರುತ್ತದೆ. ಬಿಲ್ಲಿಲ್ಲದೆ ಕೊಂಡ, ಹೆಸರಿಲ್ಲದ ಹೆಡರಿನ ವಿಷಯದಲ್ಲಿ ಮಾರಿದವನು ತಯಾರಕನತ್ತ ಬೆರಳು ತೋರಿಸಲು ಸಾಧ್ಯವೇ ಇಲ್ಲ. ಎಲ್ಲ ಭಾರವೂ ಅವನ ಮೇಲೆಯೇ. ಖರೀದಿಯ ಬಿಲ್ಲು ತೆರಿಗೆಗೆ ಮಾತ್ರವಲ್ಲದೆ ರಕ್ಷಣೆಗೂ ಬೇಕಾದ ದಾಖಲೆ ಎಂಬುದು ಇದರಿಂದ ಸ್ಪಷ್ಟ. ಹಾನಿಯಾದ ಸಮಯದಲ್ಲಿ ಸರಕನ್ನು ದುರ್ಬಳಕೆ ಮಾಡಲಾಗಿತ್ತು ಅಥವಾ ಮಾರ್ಪಡಿಸಲಾಗಿತ್ತು ಎಂದಾದರೆ ಮಾರಾಟಗಾರನ ಮೇಲೆ ದಾವೆ ನಡೆಯದೆಂದು 87ನೆಯ ಕಲಂ ಹೇಳುತ್ತದೆ.

ಕೊಳ್ಳುವವರೂ ಒಂದು ವಿಷಯ ಗಮನಿಸಬೇಕು. ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವನು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕನಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವ ಟೆಂಪೋ ಮಾಲೀಕ ಅಥವಾ ದೋಣಿ ನಡೆಸುವವನಿಗೆ ವಿನಾಯಿತಿ ಉಂಟು. ಆದರೆ ಕಾರ್ಖಾನೆಯ ಜನರೇಟರಿಗೆ ಬಿಡಿಭಾಗ ಕೊಂಡ ಉದ್ಯಮಿಯು ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ಅಲ್ಲಿ ಲಿಖಿತ ಆದೇಶ ಮತ್ತು ಬಿಲ್ಲುಗಳಿಲ್ಲದೆ ವ್ಯಾಜ್ಯ ನಿಲ್ಲುವುದು ಕಷ್ಟ.

ತಯಾರಿಸುವವನ ಲೆಕ್ಕ

ಬೆಂಡಿಂಗ್ ಯಂತ್ರ ಮತ್ತು ವೆಲ್ಡಿಂಗ್ ಸೆಟ್ ಇದ್ದರೆ ಸಣ್ಣ ಘಟಕವೂ ಹೆಡರ್ ತಯಾರಿಸಬಲ್ಲದು. ಆದರೆ ವಿನ್ಯಾಸ ದೋಷ, ತಯಾರಿಕೆಯ ದೋಷ ಮತ್ತು ಎಚ್ಚರಿಕೆಯ ಸೂಚನೆ ಇಲ್ಲದಿರುವುದು ಈ ಮೂರಕ್ಕೂ 84ನೆಯ ಕಲಮಿನಡಿ ತಯಾರಕನು ಹೊಣೆ. ಯಾವ ಎಂಜಿನ್ನಿಗೆ, ಯಾವ ಲೋಹ, ದಪ್ಪ ಎಷ್ಟು, ದೋಣಿಗೆ ಬಳಸಬಹುದೇ ಇಲ್ಲವೇ ಎಂಬುದನ್ನು ಸರಕಿನೊಡನೆ ಕನ್ನಡದಲ್ಲಿಯೂ ಮುದ್ರಿಸಿ ಕೊಡುವುದು ಕ್ಷೇಮ. ನೀರಿನ ಜಾಕೆಟ್ ಉಳ್ಳ ಮ್ಯಾನಿಫೋಲ್ಡನ್ನು ಒತ್ತಡದ ಪರೀಕ್ಷೆ ಮಾಡದೆ ಹೊರಗೆ ಕಳುಹಿಸಬಾರದು. ಪರೀಕ್ಷೆಯ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯನ್ನು ದಾಖಲಿಸಬೇಕು.

ವಾರಂಟಿ ಕೊಟ್ಟು ಮಾರುವವರು ಅದರ ವೆಚ್ಚವನ್ನು ಮಾರಾಟದ ವರ್ಷದಲ್ಲಿಯೇ ಲೆಕ್ಕಕ್ಕೆ ತರಬೇಕು. ಲೆಕ್ಕಪತ್ರ ಮಾನದಂಡ 29 ಇದನ್ನು ಬಯಸುತ್ತದೆ. ಹಿಂದಿನ ವರ್ಷಗಳ ಅನುಭವದ ಅಂಕಿಗಳನ್ನಾಧರಿಸಿ ಶಾಸ್ತ್ರೀಯವಾಗಿ ಮಾಡಿದ ವಾರಂಟಿ ಮೀಸಲನ್ನು ಆದಾಯದಲ್ಲಿ ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಮರಳಿ ಬಂದ ಸರಕಿನ ವಹಿಯನ್ನು ಕ್ರಮವಾಗಿ ಇಟ್ಟವರಿಗೆ ಮಾತ್ರ ಈ ಸೌಲಭ್ಯ ದಕ್ಕೀತು.

ಜಿಎಸ್‌ಟಿ ವಿಷಯದಲ್ಲಿ, ಹಿಂದೆ ಶೇ. 28ರ ದರದಲ್ಲಿದ್ದ ವಾಹನ ಬಿಡಿಭಾಗಗಳು 2025ರ ಸೆಪ್ಟೆಂಬರ್ 22ರಿಂದ ಶೇ. 18ರ ದರಕ್ಕೆ ಇಳಿದಿವೆ. ಬಿಲ್ಲಿಲ್ಲದ ಖರೀದಿಯ ಆಕರ್ಷಣೆ ಇದರಿಂದ ಮತ್ತಷ್ಟು ಕುಗ್ಗಿದೆ. ತೆರಿಗೆಗೆ ಒಳಪಟ್ಟ ಉತ್ಪಾದನೆಗೆ ಬಳಸುವ ಜನರೇಟರಿನ ಬಿಡಿಭಾಗಕ್ಕೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಬಿಲ್ಲಿಲ್ಲದವನಿಗೆ ಅದೂ ಇಲ್ಲ. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆಯ ಕಡೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು.

ವಹಿಸಬೇಕಾದ ಎಚ್ಚರಿಕೆಗಳು

1. ಕೊಳ್ಳುವ ಮೊದಲು ಎಂಜಿನ್ ಮಾದರಿ ಮತ್ತು ಬಳಕೆಯನ್ನು ಬರವಣಿಗೆಯಲ್ಲಿ ತಿಳಿಸಿ, ಅದು ನಮೂದಾದ ಬಿಲ್ಲು ಪಡೆಯಬೇಕು.

2. ವಾರಂಟಿ ಅವಧಿಯಲ್ಲಿರುವ ಎಂಜಿನ್ನಿಗೆ ಬದಲಿ ಮಾಲು ಹಾಕುವ ಮುನ್ನ ಎಂಜಿನ್ ತಯಾರಕರ ಷರತ್ತನ್ನು ಓದಬೇಕು.

3. ಮಾರ್ಪಾಡನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಮರೆಮಾಚಿದ ಮಾರ್ಪಾಡು ಪರಿಹಾರ ನಿರಾಕರಣೆಗೆ ದಾರಿಯಾಗುತ್ತದೆ.

4. ಅಳವಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಎಂಜಿನ್ ಕಾದು ತಣಿದ ಬಳಿಕ ನಟ್ಟುಗಳನ್ನು ತಯಾರಕರ ಸೂಚನೆಯಂತೆ ಮತ್ತೊಮ್ಮೆ ಪರೀಕ್ಷಿಸಬೇಕು.

5. ದೋಣಿಯಲ್ಲಿ ತಣಿಸುವ ನೀರು ಹೊರಬೀಳುತ್ತಿದೆಯೇ ಎಂಬುದನ್ನು ಪ್ರತಿ ಬಾರಿ ಹೊರಡುವ ಮುನ್ನ ನೋಡಬೇಕು. ನೀರು ನಿಂತರೆ ಎಂಜಿನ್ನನ್ನೂ ನಿಲ್ಲಿಸಬೇಕು.

6. ವರ್ತಕರು ತಯಾರಕರ ಹೆಸರು, ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆ ಇಲ್ಲದ ಸರಕನ್ನು ದಾಸ್ತಾನು ಮಾಡಬಾರದು. ಬಾಯಿಮಾತಿನ ಭರವಸೆ ಕೊಡಬಾರದು.

ಬದಲಿ ಬಿಡಿಭಾಗದ ವ್ಯಾಪಾರ ತಪ್ಪಲ್ಲ. ಸಣ್ಣ ಘಟಕಗಳಿಗೆ ಅದು ಉತ್ತಮ ಅವಕಾಶವೂ ಹೌದು. ಆದರೆ ಸರಕಿಗೆ ತಯಾರಕನ ಹೆಸರು, ಹೆಸರಿಗೆ ಪರೀಕ್ಷೆಯ ಆಧಾರ, ಮಾರಾಟಕ್ಕೆ ಬಿಲ್ಲು ಇರಬೇಕು. ಈ ಮೂರೂ ಇದ್ದಲ್ಲಿ ಕಡಿಮೆ ಬೆಲೆ ನಿಜವಾದ ಉಳಿತಾಯವಾಗುತ್ತದೆ. ಇಲ್ಲದಿದ್ದಲ್ಲಿ ಉಳಿದ ಹಣವು ಕೊಂಡವನಿಂದಲೋ ಮಾರಿದವನಿಂದಲೋ ಮುಂದೊಂದು ದಿನ ಬಡ್ಡಿ ಸಮೇತ ವಸೂಲಾಗುವ ಸಾಲವಾಗಿಯೇ ಉಳಿಯುತ್ತದೆ.